ಲಾರಿಯ ನೀರಿನಲ್ಲಿ ಗುಳ್ಳೆಗಳೇಕೆ?

ಬೆಳಗಾವಿಯಿಂದ ಖಾನಾಪುರಕ್ಕೆ ಹೊರಟವರು ಉದ್ಯಮಬಾಗವನ್ನು ದಾಟಿ ಪೀರನವಾಡಿ, ಮಚ್ಛೆ, ದೇಸೂರುಗಳ ಮಾರ್ಗವಾಗಿ ಸಾಗುತ್ತಾರೆ. ಎರಡು ಊರುಗಳ ನಡುವಣ ಅಂತರ ಸುಮಾರು ೨೫ ಕಿಲೋಮೀಟರು. ಖಾನಾಪುರದ ಮಣ್ಣು ಹಂಚಿಗೂ ಕುಂಬಾರಿಕೆಗೂ ಹೆಸರಾದುದು. ಮಳೆ ಹಿಡಿಯುವುದರೊಳಗೆ ಮನೆಯ ಮೇಲೆ ಹೊಸ ಹಂಚು ಹೊದಿಸಬೇಕೆಂಬ ಅವಸರ ಈ ಸೀಮೆಯಲ್ಲಿ ಎಲ್ಲರಿಗೂ ಇರುತ್ತದೆ. ಆದಕಾರಣ ಮೇ ತಿಂಗಳಿನಲ್ಲಿ ಈ ರಸ್ತೆಯ ಮೇಲೆ ಹಂಚು ಹೇರಿದ ಲಾರಿಗಳಿಗೆ ಬಿಡುವೆಂಬುದೇ ಇಲ್ಲ.

ಅಂಥದೇ ಒಂದು ಲಾರಿ ಒಂದು ಮಧ್ಯಾಹ್ನ ದೇಸೂರಿನ ಬಳಿ ನಿಂತುಹೋಯಿತು. ಉಷ್ಣಮಾಪಕದ ಮುಳ್ಳು ಕೆಂಪು ಗೆರೆಯನ್ನು ದಾಟಿತ್ತು; ರೇಡಿಯೇಟರಿನ ಬದಿಯ ನಳಿಕೆಯಿಂದ ಬಿಸಿನೀರು ರಸ್ತೆಗೆ ಹರಿಯುತ್ತಿತ್ತು. ಒಂದೇ ವಾರದಲ್ಲಿ ಹೀಗಾದುದು ಅದು ಎರಡನೆಯ ಸಲ. ತಣಿಸುತ್ತ, ನೀರು ಹಾಕುತ್ತ ಹೇಗೋ ಅದನ್ನು ಬೆಳಗಾವಿಗೆ ತಂದರು. ಗ್ಯಾರೇಜಿನ ಮಿಸ್ತ್ರಿಯವರು ರೇಡಿಯೇಟರಿನ ಬಾಯಿಯಲ್ಲಿ ಏಳುತ್ತಿದ್ದ ಗುಳ್ಳೆಗಳನ್ನು ನೋಡಿ, “ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಬಿಚ್ಚಬೇಕು” ಎಂದರು.

ಲಾರಿಯ ಮಾಲೀಕರ ಮಗ ನನ್ನ ವಿದ್ಯಾರ್ಥಿ. ಮರುದಿನ ತರಗತಿ ಮುಗಿದ ಮೇಲೆ ಬಂದು, “ಸರ್, ಹೆಡ್ ಬಿಚ್ಚಿದ್ರ ಎಂಟ್ ದಿವಸ ಗಾಡಿ ನಿಲ್ತದಂತ್ರೀ. ಅಪ್ಪಾರು ರಾತ್ರಿ ನಿದ್ದೀನ ಮಾಡಿಲ್ಲ. ಗ್ಯಾಸ್ಕೆಟ್ ಹೋಗಿದ್ದು ಖರೇ ಐತೇನು, ಅದನ್ನ ಹೆಂಗ ತಿಳಕೋಬೇಕ್ರೀ?” ಎಂದು ಕೇಳಿದನು. ಹೆಡ್ಡನ್ನು ಬಿಚ್ಚಿ, ಯಂತ್ರಾಗಾರಕ್ಕೆ ಕೊಟ್ಟು ಅದರ ಮೈಯನ್ನು ಸಮಮಾಡಿಸಿ, ಹೊಸ ಗ್ಯಾಸ್ಕೆಟ್ಟನ್ನು ಹಾಕಿಸುವುದು ಸಣ್ಣ ಖರ್ಚಲ್ಲ. ವರ್ಷದ ಸಂಪಾದನೆಯ ದೊಡ್ಡ ಪಾಲು ಆ ನಾಲ್ಕಾರು ವಾರಗಳಲ್ಲೇ ಬರುವ ಮನೆಗೆ ಎಂಟು ದಿನಗಳ ನಷ್ಟ ಅದಕ್ಕಿಂತಲೂ ದೊಡ್ಡದು. ಸಾಲದ ಕಂತು ತಿಂಗಳ ಕೊನೆಗೆ ಬರುವುದಿತ್ತು. ಇನ್ನೊಂದು ಕಡೆ, ಗ್ಯಾಸ್ಕೆಟ್ಟು ನಿಜವಾಗಿ ಹೋಗಿದ್ದು, ಅದನ್ನು ಲೆಕ್ಕಿಸದೆ ಲಾರಿಯನ್ನು ಓಡಿಸಿದರೆ ಇಡೀ ಎಂಜಿನೇ ಹಾಳಾದೀತು. ಆದ್ದರಿಂದ ಇಲ್ಲಿ ಬೇಕಾಗಿದ್ದುದು ಧೈರ್ಯದ ಮಾತಲ್ಲ, ಸರಿಯಾದ ನಿದಾನ. ಅದಕ್ಕೆ ಪದವಿ ತರಗತಿಯ ಭೌತಶಾಸ್ತ್ರವೇ ಎಷ್ಟರಮಟ್ಟಿಗೆ ನೆರವಾಗುತ್ತದೆಂಬುದನ್ನು ವಾಚಕರಿಗೆ ತೋರಿಸುವುದು ಈ ಲೇಖನದ ಉದ್ದೇಶ.

ಮೂರು ಪದಾರ್ಥಗಳು, ಒಂದು ತಗಡು

ಡೀಸೆಲ್ ಎಂಜಿನಿಗೆ ಆ ಹೆಸರು ಬಂದುದು ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರನಿಂದ. ಆತನಿಗೆ ೧೮೯೩ರಲ್ಲಿ ಅದರ ಪೇಟೆಂಟು ದೊರೆಯಿತು. ಚೆನ್ನಾಗಿ ಕೆಲಸಮಾಡುವ ಎಂಜಿನು ೧೮೯೭ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಸಿದ್ಧವಾಯಿತು. ನಮ್ಮ ದೇಶದ ಜಮ್‌ಶೇಡ್‌ಪುರದಲ್ಲಿ ಟಾಟಾ ಸಂಸ್ಥೆಯವರು ಜರ್ಮನಿಯ ಕಂಪನಿಯೊಡನೆ ಕೂಡಿ ಡೀಸೆಲ್ ಲಾರಿಗಳನ್ನು ತಯಾರಿಸಲಾರಂಭಿಸಿದ್ದು ೧೯೫೪ರಲ್ಲಿ. ಅಂದಿನಿಂದ ಇಂದಿನವರೆಗೆ ಎಷ್ಟೋ ಸುಧಾರಣೆಗಳಾಗಿದ್ದರೂ ಮೂಲತತ್ತ್ವ ಒಂದೇ. ಇದರಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗು ಇಲ್ಲ. ಸಿಲಿಂಡರಿನೊಳಗೆ ಬರಿಯ ಗಾಳಿಯನ್ನು ಪಿಸ್ಟನ್ನು ಬಲವಾಗಿ ಒತ್ತುತ್ತದೆ; ಒತ್ತಿದ ಗಾಳಿ ಕಾಯುತ್ತದೆ; ಆ ಕಾವಿನಲ್ಲಿ ಚಿಮುಕಿಸಿದ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಸಿಲಿಂಡರುಗಳನ್ನು ಕೊರೆದಿರುವ ದೊಡ್ಡ ಎರಕದ ಭಾಗಕ್ಕೆ ಬ್ಲಾಕು ಎಂದು ಹೆಸರು. ಅದರ ಮೇಲೆ ಮುಚ್ಚಳದಂತೆ ಕೂಡುವ ಇನ್ನೊಂದು ಎರಕವೇ ಹೆಡ್ಡು. ಇವೆರಡರ ನಡುವೆ ಇರುವ ತೆಳುವಾದ ಹಾಳೆಯೇ ಹೆಡ್ ಗ್ಯಾಸ್ಕೆಟ್ಟು. ಇಂದಿನ ಅನೇಕ ಎಂಜಿನುಗಳಲ್ಲಿ ಇದು ಉಕ್ಕಿನ ತೆಳು ತಗಡುಗಳ ಪದರ. ಹಳೆಯವುಗಳಲ್ಲಿ ಲೋಹದ ತಗಡು ಮತ್ತು ನಾರುಳ್ಳ ಮೃದು ಪದಾರ್ಥಗಳ ಜೋಡಣೆ.

ಈ ಹಾಳೆಯ ಕೆಲಸವು ಕೇವಲ ಒಂದು ಸಂದನ್ನು ಮುಚ್ಚುವುದಲ್ಲ. ಬ್ಲಾಕಿನಿಂದ ಹೆಡ್ಡಿಗೆ ಮೂರು ಬಗೆಯ ರಂಧ್ರಗಳು ಹಾಯ್ದುಹೋಗುತ್ತವೆ. ದೊಡ್ಡವು ಸಿಲಿಂಡರುಗಳು; ಅವುಗಳಲ್ಲಿ ಉರಿಯುವ ಅನಿಲ. ಅವುಗಳ ಸುತ್ತಲೂ ಇರುವ ಸಣ್ಣ ರಂಧ್ರಗಳಲ್ಲಿ ತಂಪು ಮಾಡುವ ನೀರು. ಮತ್ತೆ ಕೆಲವುಗಳಲ್ಲಿ ಎಂಜಿನ್ ಆಯಿಲು. ಅನಿಲ, ನೀರು, ಎಣ್ಣೆ—ಈ ಮೂರೂ ಕೆಲವೇ ಮಿಲಿಮೀಟರುಗಳ ಅಂತರದಲ್ಲಿ ಹರಿಯುತ್ತಿದ್ದರೂ ಒಂದನ್ನೊಂದು ಮುಟ್ಟದಂತೆ ಕಾಯುವುದೇ ಗ್ಯಾಸ್ಕೆಟ್ಟಿನ ಕರ್ತವ್ಯ. ಅದು ಯಾವ ಎರಡರ ನಡುವೆ ಸುಟ್ಟುಹೋಗಿದೆಯೋ ಅದಕ್ಕೆ ತಕ್ಕಂತೆ ಲಕ್ಷಣಗಳು ಬೇರೆ ಬೇರೆಯಾಗಿರುತ್ತವೆ.

ಒಂಬತ್ತು ಟನ್ನುಗಳ ಹೊಡೆತ

ಈ ಹಾಳೆ ತಾಳಬೇಕಾದ ಒತ್ತಡವೆಷ್ಟು? ಸ್ವಲ್ಪ ಲೆಕ್ಕ ಹಾಕೋಣ. ಪಿಸ್ಟನ್ನು ಗಾಳಿಯನ್ನು ಹದಿನೇಳರಲ್ಲಿ ಒಂದು ಪಾಲಿಗೆ ಒತ್ತುತ್ತದೆಂದು ಇಟ್ಟುಕೊಳ್ಳಿರಿ. ಉಷ್ಣವು ಹೊರಗೆ ಹೋಗದಂತೆ ಒತ್ತಿದಾಗ ಗಾಳಿಯ ಒತ್ತಡವು ಗಾತ್ರದ ೧.೪ನೆಯ ಘಾತಕ್ಕೆ ವಿಲೋಮವಾಗಿ ಏರುತ್ತದೆಂದು ನೀವು ಓದಿದ್ದೀರಿ. ಆ ನಿಯಮದಂತೆ ಮೊದಲಿನ ಒತ್ತಡದ ಸುಮಾರು ೫೩ರಷ್ಟು ಒತ್ತಡ ಬರಬೇಕು. ೨೭ ಡಿಗ್ರಿ ಸೆಲ್ಸಿಯಸ್ ಇದ್ದ ಗಾಳಿಯ ಉಷ್ಣತೆ ಸುಮಾರು ೬೫೦ ಡಿಗ್ರಿಗೆ ಏರಬೇಕು. ನಿಜವಾದ ಎಂಜಿನಿನಲ್ಲಿ ಸ್ವಲ್ಪ ಉಷ್ಣವು ಗೋಡೆಗಳಿಗೆ ಹೋಗುತ್ತದೆ, ಸ್ವಲ್ಪ ಗಾಳಿ ಪಿಸ್ಟನ್ನಿನ ಉಂಗುರಗಳ ಬದಿಯಿಂದ ಸೋರುತ್ತದೆ. ಆದಕಾರಣ ಸಂಖ್ಯೆಗಳು ಇದಕ್ಕಿಂತ ಕಡಿಮೆ. ಆದರೂ ಎಣ್ಣೆ ಹೊತ್ತಿಕೊಳ್ಳಲು ಆ ಕಾವು ಧಾರಾಳವಾಗಿ ಸಾಕು.

ಎಣ್ಣೆ ಉರಿದ ಮೇಲೆ ಒತ್ತಡ ಇನ್ನೂ ಏರುತ್ತದೆ. ಲಾರಿಯ ಎಂಜಿನಿನಲ್ಲಿ ಅದು ಚದರ ಸೆಂಟಿಮೀಟರಿಗೆ ೧೨೦ ಕಿಲೋಗ್ರಾಮಿನಷ್ಟಾಗುವುದು ಅಸಾಧಾರಣವಲ್ಲ. ಸಿಲಿಂಡರಿನ ವ್ಯಾಸವು ೧೦ ಸೆಂಟಿಮೀಟರಾದರೆ ಅದರ ಕ್ಷೇತ್ರಫಲ ೭೮.೫ ಚದರ ಸೆಂಟಿಮೀಟರು. ಇವೆರಡನ್ನೂ ಗುಣಿಸಿದರೆ ೯,೪೨೦ ಕಿಲೋಗ್ರಾಮು! ಒಂಬತ್ತು ಟನ್ನುಗಳಿಗೂ ಹೆಚ್ಚಿನ ಬಲ ಒಂದೊಂದು ಸಲವೂ ಹೆಡ್ಡನ್ನು ಮೇಲಕ್ಕೆತ್ತಲು ಯತ್ನಿಸುತ್ತದೆ. ಎಂಜಿನು ನಿಮಿಷಕ್ಕೆ ೧,೮೦೦ ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲಿ ಇಂಥ ಹೊಡೆತ ಸೆಕೆಂಡಿಗೆ ಹದಿನೈದು. ಹೆಡ್ಡಿನ ಬೋಲ್ಟುಗಳನ್ನು ಕೈಗೆ ಬಂದಷ್ಟು ಬಿಗಿಯದೆ, ಬಲವನ್ನು ಅಳೆಯುವ ಪಾನದಿಂದ, ಗೊತ್ತಾದ ಕ್ರಮದಲ್ಲಿ ಬಿಗಿಯಬೇಕೆಂದು ಏಕೆ ಹೇಳುತ್ತಾರೆಂಬುದು ಇದರಿಂದ ತಿಳಿಯುತ್ತದೆ.

ಒತ್ತಡದಂತೆಯೇ ಉಷ್ಣವೂ ಶತ್ರು. ಉದ್ಯಮಬಾಗ, ಮಚ್ಛೆಗಳ ಎರಕದ ಕಾರ್ಖಾನೆಗಳಿಗೆ ಹೋಗಿಬಂದ ವಿದ್ಯಾರ್ಥಿಗಳಿಗೆ ಬೀಡುಕಬ್ಬಿಣದ ಪರಿಚಯವಿರುತ್ತದೆ. ಅದು ಒಂದು ಡಿಗ್ರಿ ಕಾವಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ೧೧ ಪಾಲು ಹಿಗ್ಗುತ್ತದೆ. ನೀರು ಹೋಗಿ, ೬೦ ಸೆಂಟಿಮೀಟರು ಉದ್ದದ ಹೆಡ್ಡು ಬ್ಲಾಕಿಗಿಂತ ೬೦ ಡಿಗ್ರಿ ಹೆಚ್ಚು ಕಾಯಿತೆನ್ನಿ. ಆಗ ಅದು ಬ್ಲಾಕಿಗಿಂತ ಸುಮಾರು ೦.೪ ಮಿಲಿಮೀಟರು ಹೆಚ್ಚಾಗಿ ಬೆಳೆಯಲೆತ್ನಿಸುತ್ತದೆ. ಬೋಲ್ಟುಗಳು ಬಿಡುವುದಿಲ್ಲ, ಆದ್ದರಿಂದ ಹೆಡ್ಡು ಸೊಟ್ಟಗಾಗುತ್ತದೆ, ಕೆಲವೊಮ್ಮೆ ಬಿರಿಯುತ್ತದೆ. ಗ್ಯಾಸ್ಕೆಟ್ಟು ಹೋದುದರಿಂದ ಎಂಜಿನು ಕಾಯುವುದುಂಟು. ಬೇರೆ ಕಾರಣದಿಂದ ಎಂಜಿನು ಕಾದು ಗ್ಯಾಸ್ಕೆಟ್ಟು ಹೋಗುವುದೂ ಉಂಟು. ಕಾರ್ಯ ಯಾವುದು, ಕಾರಣ ಯಾವುದು ಎಂಬುದನ್ನು ಬೇರ್ಪಡಿಸದೆ ಗ್ಯಾಸ್ಕೆಟ್ಟನ್ನು ಮಾತ್ರ ಬದಲಿಸಿದರೆ ಹೊಸದೂ ಬೇಗನೆ ಸುಡುತ್ತದೆ.

ಒತ್ತಡವೇ ದಾರಿ ತೋರಿಸುತ್ತದೆ

ಯಾವ ದ್ರವವಾಗಲಿ ಅನಿಲವಾಗಲಿ ಹೆಚ್ಚು ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ಹರಿಯುತ್ತದೆ. ಈ ಒಂದು ನಿಯಮವನ್ನು ಹಿಡಿದು ಹೊರಟರೆ ಗ್ಯಾಸ್ಕೆಟ್ಟಿನ ಲಕ್ಷಣಗಳನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ.

ಎಂಜಿನು ಓಡುತ್ತಿರುವಾಗ ಸಿಲಿಂಡರಿನಲ್ಲಿ ಹತ್ತಾರು, ನೂರಾರು ವಾಯುಭಾರಗಳ ಒತ್ತಡ. ನೀರಿನಲ್ಲಿ ಹೊರಗಾಳಿಗಿಂತ ಹೆಚ್ಚೆಂದರೆ ಒಂದು ವಾಯುಭಾರ. ನಡುವೆ ತೂತಾದರೆ ಅನಿಲವು ನೀರಿಗೆ ನುಗ್ಗುತ್ತದೆ. ರೇಡಿಯೇಟರಿನಲ್ಲಿ ಗುಳ್ಳೆಗಳು ಏಳುತ್ತವೆ. ಎಂಜಿನನ್ನು ನಿಲ್ಲಿಸಿದ ಮೇಲೆ ಸಿಲಿಂಡರಿನ ಒತ್ತಡ ಇಳಿದುಹೋಗುತ್ತದೆ, ಆದರೆ ಬಿಸಿನೀರಿನ ಒತ್ತಡ ಬಹಳ ಹೊತ್ತು ಉಳಿದಿರುತ್ತದೆ. ಆಗ ಅದೇ ತೂತಿನಿಂದ ನೀರು ಸಿಲಿಂಡರಿಗೆ ಇಳಿಯಬಲ್ಲದು. ಬೆಳಿಗ್ಗೆ ಎಂಜಿನನ್ನು ಚಾಲೂ ಮಾಡಿದೊಡನೆ ಬಿಳಿಯ ಆವಿ ಹೊರಡುತ್ತದೆ. ಇಳಿದ ನೀರು ಹೆಚ್ಚಾಗಿದ್ದರೆ ಅಪಾಯ. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡೇ ಬಾಗಿಹೋದೀತು.

ಎಣ್ಣೆಯ ವಿಷಯವೂ ಹೀಗೆಯೇ. ಓಡುತ್ತಿರುವ ಎಂಜಿನಿನಲ್ಲಿ ಪಂಪು ಆಯಿಲನ್ನು ಚದರ ಸೆಂಟಿಮೀಟರಿಗೆ ಮೂರು ನಾಲ್ಕು ಕಿಲೋಗ್ರಾಮುಗಳ ಒತ್ತಡದಲ್ಲಿ ತಳ್ಳುತ್ತದೆ. ಇದು ನೀರಿನ ಒತ್ತಡಕ್ಕಿಂತ ಹೆಚ್ಚು. ಆದಕಾರಣ ಎಣ್ಣೆ ನೀರಿಗೆ ಸೇರಿ ರೇಡಿಯೇಟರಿನಲ್ಲಿ ಜಿಡ್ಡು ತೇಲುತ್ತದೆ. ನಿಲ್ಲಿಸಿದಾಗ ಎಣ್ಣೆಯ ಒತ್ತಡ ಸೊನ್ನೆಯಾಗಿ ನೀರು ಎಣ್ಣೆಗೆ ಇಳಿಯುತ್ತದೆ. ಆಯಿಲು ಹಾಲು ಬೆರೆಸಿದ ಚಹದಂತಾಗುತ್ತದೆ.

ಒಂದೇ ಲಕ್ಷಣ, ಹಲವು ಕಾರಣ

ಹೀಗಾದರೆ ನಿದಾನ ಸುಲಭವೆಂದು ತೋರಬಹುದು. ತೊಂದರೆಯಿರುವುದು ಇಲ್ಲಿಯೇ. ಗ್ಯಾಸ್ಕೆಟ್ಟು ಹೋದರೆ ಈ ಲಕ್ಷಣಗಳು ಕಾಣಬಹುದೆಂಬುದು ನಿಜ. ಆದರೆ ಈ ಲಕ್ಷಣಗಳು ಕಂಡಮಾತ್ರಕ್ಕೆ ಗ್ಯಾಸ್ಕೆಟ್ಟು ಹೋಗಿದೆಯೆಂಬುದು ನಿಜವಲ್ಲ. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ. ಅಂಗಳ ಒದ್ದೆಯಾಗಿದ್ದರೆ ಯಾರಾದರೂ ನೀರು ಹಾಕಿ ಸಾರಿಸಿರಲೂಬಹುದು.

ಬಿಳಿಯ ಹೊಗೆಯನ್ನು ತೆಗೆದುಕೊಳ್ಳಿರಿ. ಚಳಿಗಾಲದ ಬೆಳಗಿನಲ್ಲಿ ಉರಿಯದೆ ಹೊರಬಿದ್ದ ಡೀಸೆಲ್ಲಿನ ಹನಿಗಳೂ ಬಿಳಿಯಾಗಿಯೇ ಕಾಣುತ್ತವೆ. ಆದರೆ ಆ ಹೊಗೆ ಕಣ್ಣು ಉರಿಸುತ್ತದೆ, ಎಣ್ಣೆ ನಾರುತ್ತದೆ. ನೀರಿನ ಆವಿಯಾದರೋ ಗಾಳಿಯಲ್ಲಿ ಬೇಗ ಕರಗಿಹೋಗುತ್ತದೆ. ಆಯಿಲು ಹಾಕುವ ಬಾಯಿಯ ಮುಚ್ಚಳದ ಒಳಗೆ ಕೆನೆಯಂಥ ಪದಾರ್ಥ ಕಂಡರೂ ಗಾಬರಿಯಾಗಬೇಕಾಗಿಲ್ಲ. ಕಣಕುಂಬಿ, ಜಾಂಬೋಟಿಗಳ ಕಡೆಯ ಮಳೆಗಾಲದ ತೇವದಲ್ಲಿ, ಸ್ವಲ್ಪ ಸ್ವಲ್ಪ ದೂರವಷ್ಟೇ ಓಡುವ ಗಾಡಿಯಲ್ಲಿ, ಗಾಳಿಯ ನೀರಾವಿಯೇ ಅಲ್ಲಿ ತಣಿದು ಹನಿಗಟ್ಟುವುದುಂಟು. ಅಳತೆಗೋಲಿನ ಮೇಲಿನ ಎಣ್ಣೆ ಸ್ವಚ್ಛವಾಗಿದ್ದರೆ ಅಷ್ಟರಿಂದ ತೀರ್ಮಾನ ಸಲ್ಲದು. ನೀರಿನಲ್ಲಿ ಜಿಡ್ಡು ತೇಲಿದರೆ, ಆಯಿಲನ್ನು ತಣಿಸುವ ಕೂಲರು ಒಳಗೆ ಸೋರಿರಬಹುದು.

ನೀರು ಕುದಿಯುವುದಕ್ಕಂತೂ ಕಾರಣಗಳು ಅನೇಕ: ರೇಡಿಯೇಟರಿನಲ್ಲಿ ಕಟ್ಟಿದ ಗಸಿ, ಸಡಿಲವಾದ ಫ್ಯಾನ್ ಬೆಲ್ಟು, ತೆರೆಯದ ಥರ್ಮೋಸ್ಟಾಟು, ಸವೆದ ನೀರಿನ ಪಂಪು. ಎಲ್ಲಕ್ಕಿಂತ ಸಣ್ಣ ಕಾರಣ ರೇಡಿಯೇಟರಿನ ಮುಚ್ಚಳ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು ೭೫೦ ಮೀಟರು ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆಯಾದುದರಿಂದ ತೆರೆದ ಪಾತ್ರೆಯ ನೀರು ೧೦೦ ಡಿಗ್ರಿಗೆ ಬದಲಾಗಿ ೯೭–೯೮ ಡಿಗ್ರಿಯಲ್ಲೇ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗು ೦.೯ ವಾಯುಭಾರದಷ್ಟು ಹೆಚ್ಚಿನ ಒತ್ತಡವನ್ನು ತಡೆದು ಹಿಡಿದರೆ ಅದೇ ನೀರು ಸುಮಾರು ೧೧೭ ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಮನೆಯ ಪ್ರೆಶರ್ ಕುಕ್ಕರಿನ ತತ್ತ್ವವೂ ಇದೇ. ಮುಚ್ಚಳದ ರಬ್ಬರು ಹರಿದರೆ ಆ ಇಪ್ಪತ್ತು ಡಿಗ್ರಿಗಳ ರಕ್ಷಣೆ ಒಮ್ಮೆಲೇ ಹೋಗುತ್ತದೆ. ಇಲ್ಲಿ ಒಂದು ಎಚ್ಚರಿಕೆಯ ಮಾತು: ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆಗೆಯಬಾರದು. ಒತ್ತಡ ಬಿಟ್ಟೊಡನೆ ೧೧೦ ಡಿಗ್ರಿಯ ನೀರು ಒಮ್ಮೆಲೇ ಕುದಿದು ಮುಖದ ಮೇಲೆ ಚಿಮ್ಮುತ್ತದೆ.

ಗ್ಯಾರೇಜಿನಲ್ಲಿ ನಾವು ಮಾಡಿದ ಪರೀಕ್ಷೆಗಳು

ಮಾರನೆಯ ಬೆಳಿಗ್ಗೆ, ಎಂಜಿನು ಪೂರ್ತಿ ತಣ್ಣಗಿದ್ದಾಗ, ಮಾಲೀಕರು, ಅವರ ಮಗ, ಮಿಸ್ತ್ರಿಯವರು ಮತ್ತು ನಾನು ಲಾರಿಯ ಮುಂದೆ ಸೇರಿದೆವು. ಅದು ಆರು ಸಿಲಿಂಡರುಗಳ ಹಳೆಯ ಲಾರಿ. ನಲವತ್ತು ವರ್ಷಗಳ ಅನುಭವವುಳ್ಳ ಮಿಸ್ತ್ರಿಯವರು, “ನೋಡ್ರಿ ಸರ್, ಬಿಚ್ಚೂದಕ್ಕಿಂತ ಮೊದಲ ಎಷ್ಟ್ ನೋಡಿದ್ರೂ ಛಲೋನ” ಎಂದು ಒಪ್ಪಿಕೊಂಡರು.

ಮೊದಲು ಕಣ್ಣಿನ ಪರೀಕ್ಷೆ. ಅಳತೆಗೋಲಿನ ಮೇಲೆ ಆಯಿಲು ಕಪ್ಪಾಗಿದ್ದಿತು. ಹಾಲಿನ ಬಣ್ಣವಿರಲಿಲ್ಲ, ಮಟ್ಟವೂ ಏರಿರಲಿಲ್ಲ. ರೇಡಿಯೇಟರಿನ ನೀರಿನಲ್ಲಿ ಜಿಡ್ಡಿರಲಿಲ್ಲ. ಅಂದರೆ ನೀರು ಮತ್ತು ಎಣ್ಣೆಗಳ ನಡುವಣ ಗಡಿ ಭದ್ರವಾಗಿತ್ತು.

ಎರಡನೆಯದು ಒತ್ತಡದ ಪರೀಕ್ಷೆ. ಮುಚ್ಚಳದ ಜಾಗದಲ್ಲಿ ಒತ್ತಡಮಾಪಕವುಳ್ಳ ಕೈಪಂಪನ್ನು ಕೂರಿಸಿ, ನಿಂತ ಎಂಜಿನಿನ ನೀರಿನ ಮೇಲೆ ೦.೯ ವಾಯುಭಾರದಷ್ಟು ಒತ್ತಡ ಹಾಕಿದೆವು. ಎಲ್ಲಿಯಾದರೂ ಸೋರಿದರೆ ಮುಳ್ಳು ಇಳಿಯಬೇಕು. ಇಪ್ಪತ್ತು ನಿಮಿಷ ಕಾದರೂ ಇಳಿಯಲಿಲ್ಲ. ಮುಚ್ಚಳವನ್ನು ಬೇರೆಯಾಗಿ ಪರೀಕ್ಷಿಸಿದಾಗ ಅದೂ ಸರಿಯಾಗಿತ್ತು. ಆದರೆ ಇದರಿಂದ ಗ್ಯಾಸ್ಕೆಟ್ಟು ನಿರ್ದೋಷಿಯೆಂದು ಹೇಳುವಂತಿಲ್ಲ. ಒಂದು ವಾಯುಭಾರಕ್ಕೆ ಮುಚ್ಚಿಕೊಂಡೇ ಇರುವ ಸೀಳು ನೂರು ವಾಯುಭಾರಕ್ಕೆ ಬಾಯಿ ತೆರೆಯಬಹುದು.

ಮೂರನೆಯದು ಗುಳ್ಳೆಗಳ ಪರೀಕ್ಷೆ. ರೇಡಿಯೇಟರಿನ ಬಾಯಿಯವರೆಗೆ ನೀರು ತುಂಬಿ, ಮುಚ್ಚಳ ತೆರೆದಿಟ್ಟು, ತಣ್ಣಗಿನ ಎಂಜಿನನ್ನು ಚಾಲೂ ಮಾಡಿದೆವು. ತಣ್ಣಗಿರುವಾಗಲೇ ನೋಡುವುದಕ್ಕೆ ಕಾರಣವಿದೆ. ಬಿಸಿಯಾದ ಮೇಲೆ ಕಾಣುವ ಗುಳ್ಳೆ ಕುದಿತದ್ದೂ ಆಗಿರಬಹುದು. ಮೊದಲ ಒಂದೆರಡು ಗುಳ್ಳೆಗಳು ನೀರು ತುಂಬುವಾಗ ಸಿಕ್ಕಿಕೊಂಡ ಗಾಳಿಯವೆಂದು ಬಿಟ್ಟೆವು. ಆದರೆ ಗುಳ್ಳೆಗಳು ನಿಲ್ಲಲಿಲ್ಲ. ನೀರು ಇನ್ನೂ ಕೈಗೆ ತಣ್ಣಗಿರುವಾಗಲೇ ಬುಳುಬುಳು ಎಂದು ಏಳುತ್ತ ಬಾಯಿಂದ ಹೊರಚೆಲ್ಲಿದವು. ಮಿಸ್ತ್ರಿಯವರು ನನ್ನ ಮುಖ ನೋಡಿದರು. “ಹೌದು, ಗ್ಯಾಸ್ಕೆಟ್ಟೇ ಹೋಗಿರಬೇಕು” ಎಂದು ನಾನೂ ಹೇಳಿಬಿಟ್ಟೆನು. ಮಾಲೀಕರು ಮಾತಾಡದೆ ಹೋಗಿ ಚಾಲಕನ ಜಾಗದಲ್ಲಿ ಕುಳಿತರು.

ಬ್ರೇಕಿನ ಗಾಳಿ

ಆಗ ನಡೆದುದು ನನಗೆ ಪಾಠ. ಸ್ವಲ್ಪ ಹೊತ್ತಿನಲ್ಲಿ ಲಾರಿಯ ಕೆಳಗಿನಿಂದ ‘ಫುಸ್’ ಎಂದು ಸದ್ದಾಯಿತು. ದೊಡ್ಡ ಲಾರಿಗಳನ್ನು ಬಲ್ಲವರೆಲ್ಲರಿಗೂ ಅದು ಪರಿಚಿತವಾದ ಸದ್ದು. ಬ್ರೇಕಿನ ಗಾಳಿಯ ಟಾಕಿ ತುಂಬಿತೆಂಬುದರ ಗುರುತು. ರೇಡಿಯೇಟರಿನ ಮುಂದೆ ನಿಂತಿದ್ದ ಹುಡುಗನು, “ಸರ್, ಗುಳ್ಳಿ ನಿಂತ್ವು” ಎಂದನು. ಎಂಜಿನು ಮೊದಲಿನ ವೇಗದಲ್ಲಿಯೇ ಓಡುತ್ತಿತ್ತು, ನೀರು ಶಾಂತವಾಗಿತ್ತು! ಒಳಗೆ ಕುಳಿತ ಮಾಲೀಕರು ಚಿಂತೆಯಲ್ಲಿ ಅಭ್ಯಾಸಬಲದಿಂದ ಬ್ರೇಕನ್ನು ಒತ್ತುತ್ತ ಬಿಡುತ್ತ ಇದ್ದರು. ನಾಲ್ಕಾರು ಸಲ ಒತ್ತುವುದರೊಳಗೆ ಗಾಳಿಯ ಮುಳ್ಳು ಇಳಿಯಿತು. ಗುಳ್ಳೆಗಳು ಮತ್ತೆ ಎದ್ದವು.

ಇದರ ಅರ್ಥವನ್ನು ವಾಚಕರು ತಾವೇ ಯೋಚಿಸಬಹುದು. ಎಂಜಿನಿನ ಸಿಲಿಂಡರಿಗೂ ಬ್ರೇಕಿನ ಟಾಕಿ ತುಂಬಿರುವುದಕ್ಕೂ ಸಂಬಂಧವಿಲ್ಲ. ಟಾಕಿ ತುಂಬಲಿ, ಬರಿದಾಗಲಿ, ಅಲ್ಲಿಯ ಸ್ಫೋಟಗಳು ಒಂದೇ ಸಮನೆ ನಡೆಯುತ್ತವೆ. ಆದರೆ ಟಾಕಿಯೊಡನೆ ಸಂಬಂಧವುಳ್ಳ ಇನ್ನೊಂದು ಸಿಲಿಂಡರು ಅಲ್ಲಿದೆ. ಅದೇ ಬ್ರೇಕಿನ ಗಾಳಿಯನ್ನು ಒತ್ತುವ ಕಂಪ್ರೆಸರು. ಎಂಜಿನಿನಿಂದಲೇ ತಿರುಗುವ ಈ ಸಣ್ಣ ಯಂತ್ರಕ್ಕೂ ಒಂದು ಪಿಸ್ಟನ್ನು, ಒಂದು ಹೆಡ್ಡು, ಒಂದು ಗ್ಯಾಸ್ಕೆಟ್ಟು ಇವೆ. ಗಾಳಿಯನ್ನು ಒತ್ತಿದಾಗ ಕಾಯುತ್ತದಷ್ಟೆ. ಆದ್ದರಿಂದ ಅನೇಕ ಲಾರಿಗಳಲ್ಲಿ ಅದರ ಹೆಡ್ಡನ್ನೂ ಎಂಜಿನಿನ ನೀರೇ ತಣಿಸುತ್ತದೆ. ಟಾಕಿ ತುಂಬುವವರೆಗೆ ಅದು ಚದರ ಸೆಂಟಿಮೀಟರಿಗೆ ಏಳೆಂಟು ಕಿಲೋಗ್ರಾಮುಗಳ ಒತ್ತಡದವರೆಗೆ ದುಡಿಯುತ್ತದೆ. ತುಂಬಿದ ಮೇಲೆ ಒಂದು ಕವಾಟವು ಅದರ ಭಾರವನ್ನು ಇಳಿಸುತ್ತದೆ. ಆಗ ಅದು ತಿರುಗುತ್ತಿದ್ದರೂ ಒತ್ತಡ ಹುಟ್ಟಿಸುವುದಿಲ್ಲ. ಗುಳ್ಳೆಗಳು ಈ ಸಣ್ಣ ಹೆಡ್ಡಿನಿಂದ ಬರುತ್ತಿರಬಹುದೇ?

ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಟ್ಟು, ಇದನ್ನೇ ಬೇಕೆಂದು ಐದು ಸಲ ಮಾಡಿ ನೋಡಿದೆವು. ಐದು ಸಲವೂ ಟಾಕಿ ತುಂಬುವಾಗ ಗುಳ್ಳೆ, ತುಂಬಿದ ಮೇಲೆ ಶಾಂತಿ. ಉಳಿದುದೆಲ್ಲವನ್ನೂ ಇದ್ದಂತೆಯೇ ಇಟ್ಟು ಒಂದನ್ನು ಮಾತ್ರ ಬದಲಿಸುವುದು ಪ್ರಯೋಗಶಾಲೆಯ ಮೊದಲ ನಿಯಮ. ನಾನು ಅದನ್ನು ಕರಿಹಲಗೆಯ ಮೇಲೆ ಬರೆದಿದ್ದೆನು. ನನ್ನ ವಿದ್ಯಾರ್ಥಿ ಅದನ್ನು ಲಾರಿಯ ಮುಂದೆ ಕಂಡನು.

ಸುಣ್ಣದ ತಿಳಿನೀರು ಹೇಳಿದ ಸಾಕ್ಷಿ

ಆದರೂ ಒಂದೇ ಸಾಕ್ಷಿಯಿಂದ ತೀರ್ಪು ಕೊಡುವುದು ಬೇಡವೆನಿಸಿತು. ಗುಳ್ಳೆಯೊಳಗಿನ ಅನಿಲ ಯಾವುದೆಂದು ತಿಳಿದರೆ ವಿಷಯ ಮತ್ತಷ್ಟು ಸ್ಪಷ್ಟವಾಗುತ್ತದೆ. ಎಣ್ಣೆ ಉರಿದಾಗ ಇಂಗಾಲದ ಡೈಆಕ್ಸೈಡು ಹುಟ್ಟುತ್ತದೆ. ಡೀಸೆಲ್ ಎಂಜಿನು ಭಾರವಿಲ್ಲದೆ ಮೆಲ್ಲಗೆ ಓಡುವಾಗಲೂ ಅದರ ಹೊಗೆಯಲ್ಲಿ ಈ ಅನಿಲ ಪ್ರತಿಶತ ಎರಡು ಮೂರರಷ್ಟು ಇರುತ್ತದೆ. ಭಾರ ಹೆಚ್ಚಿದಂತೆ ಇನ್ನೂ ಹೆಚ್ಚುತ್ತದೆ. ಹೊರಗಿನ ಗಾಳಿಯಲ್ಲಾದರೋ ಸುಮಾರು ೦.೦೪ ಪ್ರತಿಶತ ಮಾತ್ರ. ಕಂಪ್ರೆಸರಿನಿಂದ ಬಂದ ಗುಳ್ಳೆ ಹೊರಗಿನ ಗಾಳಿಯಂತಿರಬೇಕು. ಎಂಜಿನಿನಿಂದ ಬಂದುದು ಹೊಗೆಯಂತಿರಬೇಕು. ವ್ಯತ್ಯಾಸ ಐವತ್ತು ಪಟ್ಟಿಗೂ ಹೆಚ್ಚು.

ಸುಣ್ಣವನ್ನು ನೀರಿನಲ್ಲಿ ಕದಡಿ ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಸೋಸಿಕೊಂಡರೆ ಸುಣ್ಣದ ತಿಳಿನೀರು ಸಿದ್ಧ. ಇಂಗಾಲದ ಡೈಆಕ್ಸೈಡು ತಾಗಿದರೆ ಅದು ಹಾಲಿನಂತೆ ಬೆಳ್ಳಗಾಗುವುದನ್ನು ಪ್ರೌಢಶಾಲೆಯಲ್ಲಿಯೇ ನೋಡಿರುತ್ತೀರಿ. ಕಾಲೇಜಿನಿಂದ ನಾನು ಅದನ್ನೂ ಮೂರು ಸೀಸೆಗಳನ್ನೂ ತಂದಿದ್ದೆನು. ನೀರು ತುಂಬಿದ ಸೀಸೆಯನ್ನು ರೇಡಿಯೇಟರಿನ ಬಾಯಿಯಲ್ಲಿ ಬೋರಲಾಗಿ ಹಿಡಿದು, ಏಳುವ ಗುಳ್ಳೆಗಳನ್ನು ಅದರೊಳಗೆ ಸೇರಿಸಿ ಬಿರಡೆ ಹಾಕಿದೆವು. ಗುಳ್ಳೆಯ ಅನಿಲ ಸ್ವಲ್ಪ ಮಟ್ಟಿಗೆ ನೀರಿನಲ್ಲಿ ಕರಗಿಹೋಗುವುದರಿಂದ, ಎಂಜಿನನ್ನು ಕೆಲವು ನಿಮಿಷ ಓಡಿಸಿದ ಮೇಲೆ ಸಂಗ್ರಹಿಸಿದೆವು. ಎರಡನೆಯ ಸೀಸೆಯಲ್ಲಿ ಲಾರಿಯ ಹೊಗೆಯನ್ನೇ ಹಿಡಿದೆವು. ಮೂರನೆಯದರಲ್ಲಿ ಬರಿಯ ಗಾಳಿ. ಮೂರಕ್ಕೂ ಸಮನಾಗಿ ತಿಳಿನೀರು ಹಾಕಿ ಕುಲುಕಿದೆವು.

ಹೊಗೆಯ ಸೀಸೆ ನೋಡುನೋಡುತ್ತಿರುವಾಗಲೇ ಬೆಳ್ಳಗಾಯಿತು. ಗಾಳಿಯ ಸೀಸೆ ತಿಳಿಯಾಗಿಯೇ ಉಳಿಯಿತು. ರೇಡಿಯೇಟರಿನ ಗುಳ್ಳೆಗಳ ಸೀಸೆಯೂ ತಿಳಿಯಾಗಿಯೇ ಉಳಿಯಿತು.

ಕೊನೆಗೆ ಮಿಸ್ತ್ರಿಯವರು ಕಂಪ್ರೆಸರಿಗೆ ಹೋಗುವ ಮತ್ತು ಅಲ್ಲಿಂದ ಬರುವ ನೀರಿನ ನಳಿಕೆಗಳನ್ನು ಬಿಚ್ಚಿ, ಅವೆರಡನ್ನೂ ಒಂದಕ್ಕೊಂದು ನೇರವಾಗಿ ಜೋಡಿಸಿದರು. ಈಗ ಕಂಪ್ರೆಸರಿಗೆ ನೀರಿನ ಸಂಪರ್ಕವೇ ಇಲ್ಲ. ಅದು ಹೆಚ್ಚು ಕಾಯದಂತೆ ಸ್ವಲ್ಪ ಹೊತ್ತು ಮಾತ್ರ ಎಂಜಿನನ್ನು ಓಡಿಸಿದೆವು. ಟಾಕಿ ತುಂಬುತ್ತಿದ್ದರೂ ಒಂದು ಗುಳ್ಳೆಯೂ ಏಳಲಿಲ್ಲ. ಕಂಪ್ರೆಸರಿನ ಸಣ್ಣ ಹೆಡ್ಡನ್ನು ಬಿಚ್ಚಿದಾಗ, ಅಂಗೈಯಷ್ಟಗಲದ ಗ್ಯಾಸ್ಕೆಟ್ಟಿನಲ್ಲಿ ಗಾಳಿಯ ರಂಧ್ರದಿಂದ ನೀರಿನ ರಂಧ್ರದವರೆಗೆ ಕಪ್ಪಾದ ಒಂದು ಗೆರೆ ಕಂಡಿತು. ರೋಗವಿದ್ದುದು ಅಷ್ಟೇ. ಆ ದಾರಿಯಿಂದ ನುಗ್ಗಿದ ಗಾಳಿ ನೀರನ್ನು ಹೊರಗೆ ತಳ್ಳುತ್ತಿತ್ತು. ನೀರು ಕಡಿಮೆಯಾಗಿ ಎಂಜಿನು ಕಾಯುತ್ತಿತ್ತು. ಸಂಜೆಯೊಳಗೆ ಹೊಸ ಗ್ಯಾಸ್ಕೆಟ್ಟು ಬಿದ್ದಿತು. ಹಿಂದೆ ಎರಡು ಸಲ ಕಾದುದರಿಂದ ದೊಡ್ಡ ಹೆಡ್ಡಿಗೆ ಕೇಡಾಗಿದೆಯೋ ಎಂದು ನೋಡಲು ಖಾಲಿ ಲಾರಿಯನ್ನು ಖಾನಾಪುರದವರೆಗೆ ಓಡಿಸಿ, ತಣಿದ ಮೇಲೆ ನೀರಿನ ಮಟ್ಟವನ್ನು ಪರೀಕ್ಷಿಸಿದರು. ಅದು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಮರುದಿನ ಲಾರಿ ಹಂಚು ಹೇರಿಕೊಂಡು ಹೊರಟಿತು.

ಪರೀಕ್ಷೆಗಳ ಮಿತಿ

ಈ ಕಥೆಯಿಂದ, ಗುಳ್ಳೆ ಕಂಡಾಗಲೆಲ್ಲ ಕಂಪ್ರೆಸರನ್ನು ದೂರಬೇಕೆಂದು ಯಾರೂ ತಿಳಿಯಬಾರದು. ಅದು ಹಳೆಯ ತಪ್ಪನ್ನು ಬಿಟ್ಟು ಹೊಸ ತಪ್ಪನ್ನು ಹಿಡಿದಂತೆ. ತಿಳಿನೀರು ಬೆಳ್ಳಗಾಗಿದ್ದರೆ ಉರಿದ ಅನಿಲ ನೀರಿಗೆ ಸೇರುತ್ತಿದೆಯೆಂದು ಸಿದ್ಧವಾಗುತ್ತಿತ್ತು. ಆಗಲೂ ಅದು ಗ್ಯಾಸ್ಕೆಟ್ಟಿನಿಂದಲೇ ಎಂದು ಹೇಳಲು ಬರುತ್ತಿರಲಿಲ್ಲ. ಬಿರಿದ ಹೆಡ್ಡಿನಿಂದಲೂ ಹಾಗಾಗುತ್ತದೆ. ಹೊಸ ಲಾರಿಗಳಲ್ಲಿ ಹೊಗೆಯ ಒಂದು ಭಾಗವನ್ನು ತಣಿಸಿ ಮತ್ತೆ ಎಂಜಿನಿಗೆ ಕಳುಹಿಸುವ ಕೂಲರು ಇರುತ್ತದೆ; ಅದು ಸೋರಿದರೂ ಉರಿದ ಅನಿಲವೇ ನೀರಿಗೆ ಬರುತ್ತದೆ. ತಿಳಿನೀರು ಬೆಳ್ಳಗಾಗಲಿಲ್ಲವೆಂಬುದೊಂದರಿಂದಲೇ ಗ್ಯಾಸ್ಕೆಟ್ಟು ಸರಿಯಿದೆಯೆಂದೂ ಹೇಳಲಾಗದು. ಭಾರ ಹೊತ್ತು ದಿಣ್ಣೆ ಏರುವಾಗ ಮಾತ್ರ ಸೋರುವ ಗ್ಯಾಸ್ಕೆಟ್ಟುಗಳೂ ಇವೆ. ನಮ್ಮ ತೀರ್ಮಾನಕ್ಕೆ ಬಲ ಬಂದುದು ಮೂರು ಬೇರೆ ಬೇರೆ ಸಾಕ್ಷಿಗಳು ಒಂದೇ ಕಡೆ ಬೆರಳು ತೋರಿಸಿದುದರಿಂದ.

ಎಂಜಿನಿನ ಸಿಲಿಂಡರೇ ದೋಷಿಯೆಂದು ತೋರಿದರೆ ಯಾವ ಸಿಲಿಂಡರೆಂಬುದನ್ನು ಹುಡುಕಬೇಕು. ಅದಕ್ಕೆ ಇಂಜೆಕ್ಟರನ್ನು ತೆಗೆದು, ಪಿಸ್ಟನ್ನು ತುತ್ತತುದಿಯಲ್ಲಿ, ಎರಡೂ ಕವಾಟಗಳು ಮುಚ್ಚಿರುವಾಗ, ಆ ರಂಧ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ರೇಡಿಯೇಟರಿನಲ್ಲಿ ಗುಳ್ಳೆ ನೋಡುತ್ತಾರೆ. ಹಳೆಯ ಎಂಜಿನುಗಳಲ್ಲಿ ಓಡುತ್ತಿರುವಾಗಲೇ ಇಂಜೆಕ್ಟರಿನ ನಳಿಕೆಯನ್ನು ಒಂದೊಂದಾಗಿ ಸಡಿಲಿಸಿ ನೋಡುವ ರೂಢಿಯುಂಟು. ಇಂದಿನ ಕಾಮನ್ ರೈಲ್ ಎಂಜಿನುಗಳಲ್ಲಿ ಹಾಗೆ ಎಂದಿಗೂ ಮಾಡಕೂಡದು. ಅವುಗಳ ನಳಿಕೆಯಲ್ಲಿ ಡೀಸೆಲ್ಲಿನ ಒತ್ತಡ ಸಾವಿರ ವಾಯುಭಾರಗಳನ್ನೂ ಮೀರಿರುತ್ತದೆ. ಸೂಜಿಯಂತೆ ಹೊರಡುವ ಆ ಧಾರ ಚರ್ಮವನ್ನು ಭೇದಿಸಿ ಒಳಹೋಗಬಲ್ಲದು.

ನಮ್ಮ ಮಿಸ್ತ್ರಿಯವರ ಮೊದಲ ಊಹೆ ಅಜ್ಞಾನದ್ದಲ್ಲ. ಗುಳ್ಳೆ ಕಂಡರೆ ಗ್ಯಾಸ್ಕೆಟ್ಟನ್ನು ಶಂಕಿಸುವುದು ಯೋಗ್ಯವೇ. ನಾನೂ ಅದನ್ನೇ ಶಂಕಿಸಿದೆನು. ನಾವಿಬ್ಬರೂ ಮಾಡಿದ ತಪ್ಪೆಂದರೆ ಶಂಕೆಯನ್ನೇ ತೀರ್ಪೆಂದುಕೊಂಡುದು. ಶಂಕೆ ಹುಟ್ಟಿದಾಗ ‘ಇದು ನಿಜವಾದರೆ ಮತ್ತೇನು ಕಾಣಬೇಕು? ಇದು ಸುಳ್ಳಾದರೆ ಏನು ಕಾಣಬೇಕು?’ ಎಂದು ಕೇಳಿಕೊಳ್ಳಬೇಕು. ಬಿಚ್ಚದೆ ಮಾಡಬಹುದಾದ, ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಬೇಕು. ಬಿಚ್ಚಿದ ಹೆಡ್ಡನ್ನು ಮತ್ತೆ ಕೂರಿಸಬಹುದು; ಆದರೆ ಮಳೆಗಾಲದ ಮುಂಚಿನ ಎಂಟು ದಿನಗಳನ್ನು ಹಂಚಿನ ಲಾರಿಯ ಮಾಲೀಕನಿಗೆ ಯಾರೂ ತಿರುಗಿ ಕೊಡಲಾರರು.

ಆ ಮೂರು ಸೀಸೆಗಳ ಪ್ರಯೋಗವನ್ನು ವಿದ್ಯಾರ್ಥಿಗಳು ಶಾಲೆಯಲ್ಲಿ ಮಾಡಿ ನೋಡಬಹುದು. ಲಾರಿಯ ಹೊಗೆ ಬೇಕಾಗಿಲ್ಲ. ಒಂದರಲ್ಲಿ ನಿಮ್ಮ ಉಸಿರು, ಇನ್ನೊಂದರಲ್ಲಿ ಮೇಣದ ಬತ್ತಿ ಉರಿದು ಆರಿದ ಗಾಳಿ, ಮೂರನೆಯದರಲ್ಲಿ ಬರಿಯ ಗಾಳಿ ಇದ್ದರೆ ಸಾಕು. ಮೂರನೆಯ ಸೀಸೆ ಏಕೆ ಬೇಕು ಎಂಬುದನ್ನು ಮಾತ್ರ ಮರೆಯದೆ ಯೋಚಿಸಿರಿ.